ಎರಡು ನಡಿಗೆ, ಒಂದು ನಿಲ್ದಾಣ



ಈ ಹೊತ್ತು ಸ್ವಿಟ್ಜರ್ಲೆಂಡಿನ ಆಲ್ಪ್ಸ್ ಬೆಟ್ಟಗಳ ಬಗ್ಗೆ ನಾಲ್ಕು ಮಾತು ಹೇಳಬೇಕೆಂದಿದ್ದೇನೆ. ಹಿಮ, ಹೂವು, ಚಾಕೊಲೇಟು ಅಂತ ಶುರು ಮಾಡುವುದಿಲ್ಲ, ಹೆದರಬೇಡಿ. ಅದನ್ನೆಲ್ಲ ಸಿನಿಮಾದವರು ಎಂದೋ ತೋರಿಸಿ ಮುಗಿಸಿದ್ದಾರೆ. ಇಂಟರ್‌ಲಾಕನ್ ಎಂಬ ಊರಿನಲ್ಲಿ ಹಿಂದಿ ನಿರ್ದೇಶಕ ಯಶ್ ಚೋಪ್ರಾ ಅವರ ಪ್ರತಿಮೆಯನ್ನೇ ನಿಲ್ಲಿಸಿದ್ದಾರೆ. ಇನ್ನು ವರ್ಣನೆಗೆ ನಾನೇಕೆ?

ನನ್ನ ವಿಷಯ ಸಣ್ಣದು. ಗಂಡ ಹೆಂಡತಿ ಇಬ್ಬರು ಬೆಟ್ಟಕ್ಕೆ ಹೋಗುತ್ತಾರೆ. ಒಬ್ಬರ ಕಾಲು ಚುರುಕು. ಇನ್ನೊಬ್ಬರ ಮಂಡಿ ಸವೆದಿದೆ. ಇಬ್ಬರೂ ಸೇರಿ ಒಂದೇ ರಜೆ ಕಳೆಯುವುದು ಹೇಗೆ? ಚುರುಕು ಕಾಲಿನವರು ಕಾಯುತ್ತ ಸಿಡುಕಬೇಕೆ? ಮಂಡಿನೋವಿನವರು ಹೋಟೆಲಿನ ಕಿಟಕಿಯಲ್ಲಿ ಕೂತಿರಬೇಕೆ?

ನಮ್ಮ ಮನೆಯಲ್ಲಿ ಚುರುಕು ಕಾಲು ನನ್ನದು. ಚಾಮುಂಡಿ ಬೆಟ್ಟದ ಮೆಟ್ಟಿಲು ನನಗೆ ಬೆಳಗಿನ ರೂಢಿ. ನಮ್ಮ ಯಜಮಾನರು ಬ್ಯಾಂಕಿನಿಂದ ನಿವೃತ್ತರಾದವರು. ಅವರಿಗೆ ಮಂಡಿಯಲ್ಲಿ ನೋವು, ತಲೆಯಲ್ಲಿ ರೈಲು. ಜಗತ್ತಿನ ಯಾವ ಮೂಲೆಯ ರೈಲ್ವೆ ಟೈಮ್ ಟೇಬಲ್ ಕೊಟ್ಟರೂ ಕಾದಂಬರಿಯ ಹಾಗೆ ಓದುತ್ತಾರೆ. ಇಂಥ ಜೋಡಿಗೆ ಆಲ್ಪ್ಸ್ ಏಕೆ ಒಗ್ಗುತ್ತದೆ ಎಂಬುದೇ ಇವತ್ತಿನ ಮಾತು. ಅದಕ್ಕೆ ಉತ್ತರ ಬೆಟ್ಟದಲ್ಲಿಲ್ಲ. ಬೆಟ್ಟದ ಮೇಲೆ ಅವರು ಹಾಕಿಕೊಂಡಿರುವ ಹಳಿಯಲ್ಲಿ ಮತ್ತು ಕಾಲುದಾರಿಯಲ್ಲಿ ಇದೆ.

ಮೊದಲು ರೈಲಿನಿಂದ ಶುರು ಮಾಡೋಣ.

ಜ್ಯೂರಿಕ್ ವಿಮಾನ ನಿಲ್ದಾಣದ ಅಡಿಯಲ್ಲೇ ರೈಲು ನಿಲ್ದಾಣವಿದೆ. ಅಲ್ಲಿ ರೈಲು ಹತ್ತಿದರೆ ಬರ್ನ್ ನಗರದ ಮೇಲೆ ಹಾದು ಎರಡು ಗಂಟೆ ಚಿಲ್ಲರೆಯಲ್ಲಿ ಇಂಟರ್‌ಲಾಕನ್. ಪ್ರತಿ ನಿಲ್ದಾಣದಲ್ಲೂ ಒಂದೇ ಬಗೆಯ ಗಡಿಯಾರ. ನಿಮಗೆ ಕಾಣುವುದಿಲ್ಲ, ಹಾಗಾಗಿ ಹೇಳುತ್ತೇನೆ. ಬಿಳಿ ಮುಖ. ಅಂಕಿಗಳಿಲ್ಲ, ದಪ್ಪ ಕಪ್ಪು ಗೀಟುಗಳು ಮಾತ್ರ. ಸೆಕೆಂಡಿನ ಮುಳ್ಳು ಕೆಂಪು. ಅದರ ತುದಿಯಲ್ಲಿ ಒಂದು ಗುಂಡು ಬಿಲ್ಲೆ, ರೈಲು ಬಿಡಲು ಸ್ಟೇಷನ್ ಮಾಸ್ಟರ್ ಎತ್ತಿ ತೋರಿಸುತ್ತಿದ್ದ ಬಿಲ್ಲೆಯ ಆಕಾರ. ಹಾನ್ಸ್ ಹಿಲ್ಫಿಕರ್ ಎಂಬ ಎಂಜಿನಿಯರು 1944ರಲ್ಲಿ ಈ ಗಡಿಯಾರ ಮಾಡಿದರು. ಕೆಂಪು ಮುಳ್ಳು ಸೇರಿದ್ದು ಕೆಲವು ವರ್ಷ ಕಳೆದ ಮೇಲೆ. ಈ ಮುಳ್ಳು ಸುಮಾರು ಐವತ್ತೆಂಟೂವರೆ ಸೆಕೆಂಡಿಗೇ ಒಂದು ಸುತ್ತು ಮುಗಿಸಿಬಿಡುತ್ತದೆ. ಮೇಲೆ ಬಂದು ನಿಲ್ಲುತ್ತದೆ. ಮುಖ್ಯ ಗಡಿಯಾರದಿಂದ ಸಂಕೇತ ಬಂದ ಮೇಲೆ ನಿಮಿಷದ ಮುಳ್ಳು ಜಿಗಿಯುತ್ತದೆ, ಇದು ಮತ್ತೆ ಹೊರಡುತ್ತದೆ. ಅಂದರೆ ಚುರುಕಾದದ್ದು ನಿಂತು ಕಾಯುತ್ತದೆ. ನಮ್ಮವರು ಪ್ಲಾಟ್‌ಫಾರಂ ಮೇಲೆ ನಿಂತು ನನಗೆ ಅದನ್ನು ತೋರಿಸಿದರು. ಏಕೆ ತೋರಿಸಿದರು ಎಂದು ನಾನು ಕೇಳಲಿಲ್ಲ.

ಅಲ್ಲಿಯ ವೇಳಾಪಟ್ಟಿಯ ಗುಟ್ಟು ಸರಳ. 1982ರಲ್ಲಿ ದೇಶದಾದ್ಯಂತ ಗಂಟೆಗೊಂದು ರೈಲು ಎಂಬ ಪದ್ಧತಿ ಬಂತು. ಎಂಟು ಹತ್ತಕ್ಕೆ ಒಂದು ರೈಲು ಇದ್ದರೆ ಒಂಬತ್ತು ಹತ್ತಕ್ಕೂ ಇರುತ್ತದೆ, ಹತ್ತು ಹತ್ತಕ್ಕೂ ಇರುತ್ತದೆ. ಆಮೇಲೆ 1987ರಲ್ಲಿ ಜನರ ಮತ ಕೇಳಿ ಇನ್ನೊಂದು ದೊಡ್ಡ ಯೋಜನೆಗೆ ಕೈಹಾಕಿದರು. ಅದು ಪೂರ್ತಿ ಜಾರಿಯಾದದ್ದು 2004ರ ಡಿಸೆಂಬರಿನಲ್ಲಿ. ಇದರ ಲೆಕ್ಕ ಕೇಳಿ. ದೊಡ್ಡ ನಿಲ್ದಾಣಗಳಿಗೆ ಎಲ್ಲ ದಿಕ್ಕಿನ ರೈಲುಗಳೂ ಗಂಟೆ ಹೊಡೆಯುವುದಕ್ಕೆ ಸ್ವಲ್ಪ ಮೊದಲು ಬಂದು ಸೇರಬೇಕು. ಸ್ವಲ್ಪ ಆದಮೇಲೆ ಹೊರಡಬೇಕು. ನಡುವೆ ಜನ ಒಂದರಿಂದ ಇಳಿದು ಇನ್ನೊಂದಕ್ಕೆ ಹತ್ತಬೇಕು. ಹಾಗಾಗಬೇಕಾದರೆ ಜ್ಯೂರಿಕ್‌ನಿಂದ ಬರ್ನ್‌ಗೆ ಒಂದು ಗಂಟೆಗಿಂತ ಕಡಿಮೆ ಹಿಡಿಯಬೇಕು. ಮೊದಲು ಒಂದು ಗಂಟೆ ಹತ್ತು ನಿಮಿಷದ ಹತ್ತಿರ ಹಿಡಿಯುತ್ತಿತ್ತು. ಹೊಸ ಹಳಿ ಹಾಕಿ ಅದನ್ನು ಐವತ್ತಾರು ನಿಮಿಷಕ್ಕೆ ತಂದರು. ಅಲ್ಲಿಗೆ ನಿಲ್ಲಿಸಿದರು. ಅದಕ್ಕಿಂತ ವೇಗ ಅವರಿಗೆ ಬೇಕಿರಲಿಲ್ಲ.

ಮಂಡಿನೋವಿನವರಿಗೆ ಇದರಿಂದ ಏನು ಲಾಭ? ಓಡಬೇಕಾಗಿಲ್ಲ. ಈ ರೈಲು ಹೋದರೆ ಇನ್ನೊಂದು ಬರುತ್ತದೆ, ಅದೇ ನಿಮಿಷಕ್ಕೆ ಬರುತ್ತದೆ. ನಿಮ್ಮಿಂದಲೇ ರೈಲು ತಪ್ಪಿತು ರೀ, ಎಂಬ ಮಾತು ಎಷ್ಟು ಸಂಸಾರಗಳ ರಜೆಯನ್ನು ಕೆಡಿಸಿದೆಯೋ. ಅಲ್ಲಿ ಆ ಮಾತಿಗೆ ಆಸ್ಪದವೇ ಕಡಿಮೆ.

ಇಂಟರ್‌ಲಾಕನ್‌ನಿಂದ ಮುಂದೆ ಸಣ್ಣ ರೈಲು. ಅದರಲ್ಲಿ ಒಂದು ತಮಾಷೆಯಿದೆ. ಹತ್ತುವಾಗ ಒಂದೇ ರೈಲು. ಝ್ವೈಲ್ಯೂಚಿನೆನ್ ಎಂಬ ಪುಟ್ಟ ನಿಲ್ದಾಣದಲ್ಲಿ ಅದು ಎರಡು ತುಂಡಾಗುತ್ತದೆ. ಒಂದು ಅರ್ಧ ಲೌಟರ್‌ಬ್ರುನೆನ್ ಕಣಿವೆಗೆ ಹೋಗುತ್ತದೆ. ಇನ್ನೊಂದು ಅರ್ಧ ಗ್ರಿಂಡೆಲ್‌ವಾಲ್ಡ್ ಕಣಿವೆಗೆ. ಗಂಡ ಒಂದು ಬೋಗಿಯಲ್ಲಿ, ಹೆಂಡತಿ ಇನ್ನೊಂದರಲ್ಲಿ ಕೂತರೆ ಇಬ್ಬರೂ ಬೇರೆ ಬೇರೆ ಊರು ಸೇರುತ್ತಾರೆ. ಆದರೆ ಕೇಳಿ. ಎರಡೂ ಕಣಿವೆಗಳಿಂದ ಬೆಟ್ಟದ ರೈಲು ಮೇಲಕ್ಕೆ ಹತ್ತುತ್ತದೆ. ಸುಮಾರು ಎರಡು ಸಾವಿರ ಮೀಟರ್ ಎತ್ತರದಲ್ಲಿ, ಕ್ಲೈನೆ ಶೈಡೆಕ್ ಎಂಬ ಕಣಿವೆಯ ತಲೆಬಾಗಿಲಿನಲ್ಲಿ, ಎರಡೂ ಮತ್ತೆ ಕೂಡುತ್ತವೆ. ಬೇರೆಯಾದವರು ಅಲ್ಲಿ ಸಿಗುತ್ತಾರೆ.

ಇಷ್ಟು ಹೊತ್ತು ಹೇಳಿದ್ದು ಬಯಲಿನ ರೈಲು, ಅದರ ಗಡಿಯಾರ, ಅದರ ಲೆಕ್ಕ. ಈಗ ಬೆಟ್ಟ ಹತ್ತುವ ರೈಲಿಗೆ ಬರೋಣ. ಇದು ಯಾರಿಗಾಗಿ ಬಂತು, ಹೇಗೆ ಹತ್ತುತ್ತದೆ?

ಮೊದಲು ಅಲ್ಲಿ ರೈಲಿರಲಿಲ್ಲ. ಇಂಗ್ಲೆಂಡಿನ ಥಾಮಸ್ ಕುಕ್ 1863ರಲ್ಲಿ ಮೊದಲ ಬಾರಿಗೆ ಪ್ರವಾಸಿಗಳ ತಂಡ ಕಟ್ಟಿಕೊಂಡು ಸ್ವಿಟ್ಜರ್ಲೆಂಡಿಗೆ ಬಂದರು. ಆ ತಂಡದಲ್ಲಿ ಜೆಮೈಮಾ ಮಾರೆಲ್ ಎಂಬ ಮಹಿಳೆ ಇದ್ದರು. ಅವರು ಬರೆದಿಟ್ಟ ದಿನಚರಿ ಉಳಿದುಬಂದಿದೆ. ಅವರೆಲ್ಲ ಲೌಟರ್‌ಬ್ರುನೆನ್‌ನಿಂದ ಗ್ರಿಂಡೆಲ್‌ವಾಲ್ಡ್‌ಗೆ ಬೆಟ್ಟ ದಾಟಿದ್ದು ಕಾಲ್ನಡಿಗೆಯಲ್ಲಿ, ಹೇಸರಗತ್ತೆಯ ಮೇಲೆ. ಆ ಕಾಲದ ಉದ್ದ ಲಂಗದಲ್ಲಿ! ನಡೆಯಲಾರದ ಶ್ರೀಮಂತರನ್ನು ಕುರ್ಚಿಯಲ್ಲಿ ಕೂರಿಸಿ ಹೊತ್ತು ಸಾಗಿಸುವ ಕೂಲಿಗಳೂ ಇದ್ದರು. ಬೆಟ್ಟದ ಊರುಗಳಲ್ಲಿ ಆಗ ಬಡತನ. ಹೊರುವ ಕೆಲಸವೂ ಕೆಲಸವೇ.

ಹತ್ತು ವರ್ಷದೊಳಗೆ ಗಾಳಿ ಬದಲಾಯಿತು. 1871ರಲ್ಲಿ ರಿಗಿ ಎಂಬ ಬೆಟ್ಟಕ್ಕೆ ರೈಲು ಹತ್ತಿತು. ಯೂರೋಪಿನಲ್ಲಿ ಬೆಟ್ಟ ಹತ್ತಿದ ಮೊದಲ ಹಲ್ಲುಗಂಬಿ ರೈಲು ಅದು. ಮಾಡಿಸಿದವರು ನಿಕ್ಲೌಸ್ ರಿಗೆನ್‌ಬಾಖ್.

ಹಲ್ಲುಗಂಬಿ ಎಂದರೇನು? ಉಕ್ಕಿನ ಚಕ್ರ ಉಕ್ಕಿನ ಹಳಿಯ ಮೇಲೆ ಸಲೀಸಾಗಿ ಓಡುತ್ತದೆ. ಆದರೆ ಏರು ಜಾಸ್ತಿಯಾದರೆ ಜಾರುತ್ತದೆ. ನೂರು ಮೀಟರ್ ಹೋಗುವಷ್ಟರಲ್ಲಿ ಏಳು ಮೀಟರ್ ಏರುವ ದಾರಿಯೆಂದರೆ ಹೆಚ್ಚುಕಡಿಮೆ ಅದೇ ಕೊನೆ. ರಿಗಿಯಲ್ಲಿ ನೂರಕ್ಕೆ ಇಪ್ಪತ್ತೈದು ಮೀಟರ್ ಏರು. ಅದಕ್ಕೆ ಎರಡು ಹಳಿಗಳ ನಡುವೆ ಮೂರನೆಯ ಕಂಬಿ ಹಾಕಿದರು. ಅದಕ್ಕೆ ಉದ್ದಕ್ಕೂ ಹಲ್ಲು. ಎಂಜಿನ್ನಿನ ಹೊಟ್ಟೆಯ ಅಡಿಯಲ್ಲಿ ಒಂದು ಹಲ್ಲುಚಕ್ರ. ಚಕ್ರದ ಹಲ್ಲು ಕಂಬಿಯ ಹಲ್ಲಿನ ಸಂದಿಗೆ ಕೂರುತ್ತದೆ. ನಿಮ್ಮ ಎರಡೂ ಕೈಯ ಬೆರಳುಗಳನ್ನು ಒಂದರೊಳಗೊಂದು ಹೆಣೆದು ನೋಡಿ. ಹಾಗೆ. ಒಂದೊಂದೇ ಹಲ್ಲು ಹಿಡಿದು ರೈಲು ಮೇಲಕ್ಕೆ ಹೋಗುತ್ತದೆ. ಇಳಿಯುವಾಗ ಅದೇ ಹಲ್ಲು ಬ್ರೇಕಿಗೂ ಆಧಾರ.

ಇದು ನಮಗೆ ಪೂರ್ತಿ ಅಪರಿಚಿತವೇನಲ್ಲ. ಮೇಟುಪಾಳ್ಯದಿಂದ ಊಟಿಗೆ ಹೋಗುವ ಪುಟಾಣಿ ರೈಲು ಹತ್ತಿದವರು ನಿಮ್ಮಲ್ಲಿ ಬಹಳ ಮಂದಿ ಇರಬೇಕು. ಕೂನೂರಿನವರೆಗೆ ಅದರದ್ದೂ ಹಲ್ಲುಗಂಬಿಯೇ. ಆ ಪದ್ಧತಿಯನ್ನು ರೂಪಿಸಿದ ರೋಮನ್ ಆಬ್ಟ್ ಸ್ವಿಸ್ ಎಂಜಿನಿಯರು, ರಿಗೆನ್‌ಬಾಖ್ ಕೈಕೆಳಗೆ ದುಡಿದವರು. ಆ ದಾರಿಯ ಹೆಸರಾಂತ ಉಗಿ ಎಂಜಿನ್ನುಗಳು ತಯಾರಾದದ್ದು ಸ್ವಿಟ್ಜರ್ಲೆಂಡಿನ ವಿಂಟರ್‌ಥೂರ್ ಊರಿನ ಕಾರ್ಖಾನೆಯಲ್ಲಿ. ಕ್ಲೈನೆ ಶೈಡೆಕ್‌ಗೆ ಹತ್ತುವ ರೈಲಿನಲ್ಲಿ ಕೂತಾಗ ಅಡಿಯಿಂದ ಬರುವ ಕಟಕಟ ಸದ್ದು ಕೇಳಿ ನಮ್ಮವರು, “ಊಟಿ ಕಣೇ ಇದು” ಎಂದರು. ವಾಸನೆಯಲ್ಲಿ ಮಾತ್ರ ವ್ಯತ್ಯಾಸ. ಇಲ್ಲಿ ಹೊಗೆಯಿಲ್ಲ, ಕರೆಂಟು. ಇಳಿಯುವ ರೈಲು ತನ್ನ ಭಾರದಿಂದಲೇ ಕರೆಂಟು ಹುಟ್ಟಿಸಿ ತಂತಿಗೆ ವಾಪಸು ಕೊಡುತ್ತದೆ. ಹತ್ತುವ ರೈಲಿಗೆ ಅದು ನೆರವಾಗುತ್ತದೆ.

ಸರಿ. ರೈಲು ಹೇಗೆ ಹತ್ತುತ್ತದೆ ಎಂದು ಹೇಳಿದ್ದಾಯಿತು. ನಡೆಯಲಾರದವರನ್ನು ಮೇಲೆ ತಲುಪಿಸುವ ದಾರಿ ಅದು. ಇನ್ನು ನಡೆಯುವವರ ದಾರಿ ಹೇಗಿದೆ ನೋಡೋಣ.

ಆ ಸಣ್ಣ ದೇಶದಲ್ಲಿ ಗುರುತು ಹಾಕಿದ ಕಾಲುದಾರಿಗಳ ಒಟ್ಟು ಉದ್ದ ಸುಮಾರು ಅರವತ್ತೈದು ಸಾವಿರ ಕಿಲೋಮೀಟರ್. ರೈಲು ಹಳಿ ಐದು ಸಾವಿರದ ಆಸುಪಾಸು. ಕಾಲುದಾರಿ ಹದಿಮೂರು ಪಟ್ಟು ಹೆಚ್ಚು! ಇದು ತನ್ನಷ್ಟಕ್ಕೆ ಆದದ್ದಲ್ಲ. ನೂರು ವರ್ಷದ ಹಿಂದೆ ಮೋಟಾರು ಕಾರುಗಳು ಬಂದಾಗ ನಡೆಯುವವರು ರಸ್ತೆಯಿಂದ ಬದಿಗೆ ಸರಿಯಬೇಕಾಯಿತು. ಯೋಹಾನ್ ಯಾಕೋಬ್ ಎಸ್ ಎಂಬ ಶಾಲಾ ಮೇಷ್ಟ್ರಿಗೆ ಅದು ಸಹಿಸಲಿಲ್ಲ. ನಡೆಯುವವರಿಗೆ ಬೇರೆ ದಾರಿ ಬೇಕು, ಅದಕ್ಕೆ ದೇಶದಲ್ಲೆಲ್ಲ ಒಂದೇ ಗುರುತು ಬೇಕು ಎಂದು ಓಡಾಡಿದರು. 1934ರಲ್ಲಿ ಅದಕ್ಕಾಗಿ ಒಂದು ಸಂಘ ಹುಟ್ಟಿತು. 1979ರಲ್ಲಿ ಜನ ಮತ ಹಾಕಿ ಕಾಲುದಾರಿಯನ್ನು ದೇಶದ ಸಂವಿಧಾನದಲ್ಲೇ ಸೇರಿಸಿದರು. ಒಂದು ಕಾಲುದಾರಿಯನ್ನು ಯಾವುದೋ ಕಟ್ಟಡವೋ ರಸ್ತೆಯೋ ನುಂಗಿದರೆ ಬದಲಿ ದಾರಿ ಕೊಡಬೇಕೆಂದು ಕಾನೂನಿದೆ. ನಮ್ಮ ಊರಿನ ಫುಟ್‌ಪಾತುಗಳು ನೆನಪಾದವು. ಆ ಮಾತು ಈಗ ಬೇಡ.

ಆ ದಾರಿಗಳ ಫಲಕ ಹಳದಿ. ಬಾಣದ ತುದಿಯ ಹಲಗೆ, ಅದರ ಮೇಲೆ ಊರಿನ ಹೆಸರು. ಹೆಸರಿನ ಮುಂದೆ ಎಷ್ಟು ಕಿಲೋಮೀಟರ್ ಎಂದು ಇರುವುದಿಲ್ಲ. ಎಷ್ಟು ಹೊತ್ತು ಎಂದು ಇರುತ್ತದೆ. ಒಂದು ಗಂಟೆ, ಒಂದೂ ಮುಕ್ಕಾಲು ಗಂಟೆ, ಹೀಗೆ. ಬೆಟ್ಟದಲ್ಲಿ ಇದೇ ಸರಿ. ಮೂರು ಕಿಲೋಮೀಟರ್ ಎಂದರೆ ಏನೂ ತಿಳಿಯುವುದಿಲ್ಲ, ಅದು ಏರೋ ಇಳಿಜಾರೋ ಯಾರಿಗೆ ಗೊತ್ತು? ಸಮತಟ್ಟು ದಾರಿಯಲ್ಲಿ ಗಂಟೆಗೆ ನಾಲ್ಕು ಕಿಲೋಮೀಟರಿಗೆ ತುಸು ಮೇಲೆ ನಡೆಯುವವರ ಲೆಕ್ಕ ಅದು. ಏರಿಳಿತಕ್ಕೆ ತಕ್ಕಂತೆ ಕೂಡಿ ಕಳೆದಿರುತ್ತಾರೆ. ಕೂತು ದಣಿವಾರಿಸಿಕೊಳ್ಳುವ ಹೊತ್ತು ಅದರಲ್ಲಿ ಸೇರಿಲ್ಲ.

ಹಳದಿ ಹಲಗೆಯ ತುದಿ ಬರೀ ಹಳದಿಯಾಗಿದ್ದರೆ ಅದು ಎಲ್ಲರೂ ನಡೆಯುವ ದಾರಿ. ತುದಿಯಲ್ಲಿ ಬಿಳಿ, ಕೆಂಪು, ಬಿಳಿ ಪಟ್ಟಿ ಇದ್ದರೆ ಬೆಟ್ಟದ ದಾರಿ. ಗಟ್ಟಿ ಬೂಟು ಬೇಕು, ತಲೆ ತಿರುಗದ ಧೈರ್ಯ ಬೇಕು. ಹಲಗೆಯೇ ನೀಲಿಯಾಗಿ, ತುದಿಯಲ್ಲಿ ಬಿಳಿ, ನೀಲಿ, ಬಿಳಿ ಇದ್ದರೆ ಅದು ಹಗ್ಗ ಹಿಡಿದು ಹತ್ತುವವರದ್ದು. ನೀಲಿಯ ಕಡೆ ನಾನೂ ಹೋಗಲಿಲ್ಲ.

ಈ ಫಲಕಗಳಿಂದ ನಮ್ಮ ಸಂಸಾರಕ್ಕೆ ದೊಡ್ಡ ಉಪಕಾರವಾಯಿತು. ಮೊದಲ ದಿನವೇ ಗೊತ್ತಾಯಿತು: ಫಲಕದ ಹೊತ್ತು ನನ್ನ ಹೊತ್ತು. ಯಜಮಾನರದ್ದು ಅದರ ಒಂದೂವರೆ ಪಟ್ಟು. ಆಮೇಲೆ ಜಗಳವೇ ಇಲ್ಲ. ಫಲಕ ನೋಡುವುದು, ಒಂದೂವರೆಯಿಂದ ಗುಣಿಸುವುದು, ಯಾವ ರೈಲು ಸಿಗುತ್ತದೆ ಎಂದು ಅವರು ಹೇಳುವುದು. ಬ್ಯಾಂಕಿನಲ್ಲಿ ಬಡ್ಡಿ ಹಾಕಿದ ಕೈ, ಲೆಕ್ಕ ತಪ್ಪುತ್ತಿರಲಿಲ್ಲ.

ಹಾಗಾದರೆ ಎರಡು ಸಂಗತಿ ಹೇಳಿದ ಹಾಗಾಯಿತು. ಹೊತ್ತಿಗೆ ಸರಿಯಾಗಿ ಬರುವ ರೈಲು ಒಂದು. ಹೊತ್ತಿನಲ್ಲೇ ದೂರ ಹೇಳುವ ಕಾಲುದಾರಿ ಇನ್ನೊಂದು. ಇವೆರಡೂ ಒಂದನ್ನೊಂದು ಮುಟ್ಟುವ ಕಡೆ ನಮ್ಮಂಥವರ ರಜೆ ನಡೆಯುತ್ತದೆ. ಒಂದೆರಡು ದಾರಿಗಳನ್ನೇ ಹೇಳುತ್ತೇನೆ.

ಲೌಟರ್‌ಬ್ರುನೆನ್ ಕಣಿವೆಯನ್ನು ಮನಸ್ಸಿನಲ್ಲಿ ಕಟ್ಟಿಕೊಳ್ಳಿ. ನಡುವೆ ಸಪಾಟು ಹುಲ್ಲುಗಾವಲು, ಅಗಲ ಬಹಳ ಇಲ್ಲ. ಎರಡೂ ಕಡೆ ಕಡಿದು ನಿಲ್ಲಿಸಿದಂಥ ಬಂಡೆಗೋಡೆ. ಗೋಡೆಯ ನೆತ್ತಿಯಿಂದ ಜಲಪಾತಗಳು. ಊರಿನ ಪಕ್ಕದಲ್ಲೇ ಬೀಳುವ ಷ್ಟೌಬ್‌ಬಾಖ್ ಸುಮಾರು ಮುನ್ನೂರು ಮೀಟರ್. ನೀರು ಕೆಳಗೆ ಮುಟ್ಟುವ ಹೊತ್ತಿಗೆ ಅರ್ಧ ತುಂತುರಾಗಿ ಗಾಳಿಗೆ ಹಾರಿಹೋಗಿರುತ್ತದೆ. ಜರ್ಮನ್ ಕವಿ ಗಯಟೆ 1779ರಲ್ಲಿ ಇದನ್ನು ನೋಡಿ ಒಂದು ಕವಿತೆ ಬರೆದರು. ಗೋಡೆಯ ಮೇಲೆ, ಗೂಡಿನ ಹಾಗೆ, ಮ್ಯುರೆನ್ ಎಂಬ ಊರು. ಅಲ್ಲಿ ಕಾರುಗಳಿಗೆ ಪ್ರವೇಶವಿಲ್ಲ.

ಕೇಬಲ್ ಕಾರಿನಲ್ಲಿ ಗ್ರ್ಯುಚಾಲ್ಪ್ ಎಂಬಲ್ಲಿಗೆ ಮೇಲೇರುತ್ತೀರಿ. ಅಲ್ಲಿಂದ ಮ್ಯುರೆನ್‌ಗೆ ಗೋಡೆಯ ಅಂಚಿನಲ್ಲೇ ಒಂದು ಪುಟ್ಟ ರೈಲು, 1891ರಿಂದ ಓಡುತ್ತಿದೆ. ಅದಕ್ಕೆ ಸಮನಾಗಿ ಕಾಲುದಾರಿ. ಹೆಚ್ಚುಕಡಿಮೆ ಸಮತಟ್ಟು. ರೈಲಿಗೆ ಕಾಲು ಗಂಟೆ, ಕಾಲಿಗೆ ಒಂದು ಗಂಟೆಯ ಮೇಲೆ. ನಡುವೆ ವಿಂಟರೆಕ್ ಎಂಬ ಒಂದೇ ನಿಲ್ದಾಣ. ನಾನು ನಡೆದೆ. ಯಜಮಾನರು ಮೊದಲ ಅರ್ಧ ರೈಲಿನಲ್ಲಿ ಬಂದರು. ದಾರಿಯಲ್ಲಿ ರೈಲು ನನ್ನ ಪಕ್ಕದಲ್ಲೇ ಹಾದುಹೋಯಿತು. ಒಳಗಿನಿಂದ ಕೈಬೀಸಿದರು, ಮದುವೆಯಾದ ಹೊಸದರಲ್ಲಿ ಬೀಸಿದ ಹಾಗೆ. ವಿಂಟರೆಕ್‌ನಲ್ಲಿ ಇಳಿದು ಕಾದಿದ್ದರು. ಉಳಿದ ಅರ್ಧ ಇಬ್ಬರೂ ನಡೆದೆವು. ಎದುರುಗಡೆ ಐಗರ್, ಮೋಂಖ್, ಯುಂಗ್‌ಫ್ರೌ, ಮೂರು ಶಿಖರ ಸಾಲಾಗಿ ನಿಂತಿರುತ್ತವೆ. ದಾರಿಯುದ್ದಕ್ಕೂ ಹಸುಗಳ ಗಂಟೆ. ಬೇಸಿಗೆಯಲ್ಲಿ ಹಸುಗಳನ್ನು ಮೇಲಕ್ಕೆ ಹೊಡೆದುಕೊಂಡು ಬರುತ್ತಾರೆ, ಅಲ್ಲೇ ಹಾಲು ಕರೆದು ಅಲ್ಲೇ ಚೀಸ್ ಮಾಡುತ್ತಾರೆ. ಎದುರಿಗೆ ಸಿಕ್ಕವರೆಲ್ಲ “ಗ್ರ್ಯುಯೆಸ್ಸೆಖ್” ಎಂದು ನಮಸ್ಕಾರ ಹೇಳುತ್ತಾರೆ. ನಾವೂ ಹೇಳಿದೆವು, ನಮಗೆ ತೋಚಿದ ಉಚ್ಚಾರದಲ್ಲಿ.

ಇನ್ನೊಂದು ದಾರಿ ಮೆನ್ಲಿಖೆನ್ ಎಂಬ ದಿಬ್ಬದಿಂದ ಕ್ಲೈನೆ ಶೈಡೆಕ್‌ಗೆ. ದಿಬ್ಬದ ತನಕ ವೆಂಗೆನ್ ಊರಿನಿಂದ ಕೇಬಲ್ ಕಾರು. ಅಲ್ಲಿಂದ ನಾಲ್ಕೂವರೆ ಕಿಲೋಮೀಟರ್, ಒಂದೂವರೆ ಗಂಟೆ. ಅಗಲವಾದ ದಾರಿ. ಇಳಿತ ಇದೆಯೆಂದು ಕಾಲಿಗೆ ಗೊತ್ತೇ ಆಗುವುದಿಲ್ಲ. ಮಂಡಿನೋವಿನವರಿಗೆ ಆಲ್ಪ್ಸ್‌ನಲ್ಲಿ ಒಂದೇ ಒಂದು ನಡಿಗೆ ಹೇಳಿ ಎಂದರೆ ನಾನು ಇದನ್ನೇ ಹೇಳುತ್ತೇನೆ.

ಇಲ್ಲಿ ಒಂದು ಮಾತು ಒತ್ತಿ ಹೇಳಬೇಕು. ಪ್ರವಾಸಿಗಳಲ್ಲಿ ಬಹಳ ಮಂದಿ ರೈಲಿನಲ್ಲಿ ಹತ್ತಿ ನಡೆದು ಇಳಿಯುತ್ತಾರೆ. ಹತ್ತುವುದು ಕಷ್ಟ, ಇಳಿಯುವುದು ಸುಲಭ ಎಂಬ ಭಾವನೆ. ಉಸಿರಿಗೆ ಅದು ನಿಜ, ಮಂಡಿಗೆ ಅಲ್ಲ. ಇಳಿಯುವಾಗ ಪ್ರತಿ ಹೆಜ್ಜೆಗೂ ಮೈಭಾರ ಮಂಡಿಯ ಮೇಲೆ ಕುಟ್ಟುತ್ತದೆ. ಹಾಗಾಗಿ ನಾವು ತಿರುವುಮುರುವು ಮಾಡಿದೆವು. ಯಜಮಾನರು ಊರುಗೋಲು ಹಿಡಿದು ನಿಧಾನಕ್ಕೆ ನಡೆದು ಹತ್ತಿದರು, ರೈಲಿನಲ್ಲಿ ಇಳಿದರು. ವೆಂಗೆರ್ನ್ಆಲ್ಪ್ ಎಂಬ ನಿಲ್ದಾಣದಲ್ಲಿ ಇಳಿದುಕೊಂಡು ಕ್ಲೈನೆ ಶೈಡೆಕ್‌ವರೆಗೆ ನಡೆದರೆ ಇನ್ನೂರು ಮೀಟರಿಗಿಂತ ಕಡಿಮೆ ಏರು. ಮೇಲೆ ಬಂದು ಕೂತಾಗ ಅವರ ಮುಖದಲ್ಲಿದ್ದ ಹೆಮ್ಮೆಯನ್ನು ನಾನು ವರ್ಣಿಸುವುದಿಲ್ಲ. ಮನೆಯಲ್ಲಿ ಅವರೂ ರೇಡಿಯೊ ಕೇಳುತ್ತಿರುತ್ತಾರೆ.

ಕೂಡಿ ನಡೆಯುವ ದಾರಿಗಳನ್ನು ಹೇಳಿದೆ. ಈಗ ಇಬ್ಬರೂ ಬೇರೆ ಬೇರೆ ಹೋದ ದಿನದ ಮಾತು. ಅದು ಐಗರ್ ಶಿಖರದ ದಿನ.

ಐಗರ್ ಹೊಟ್ಟೆಯೊಳಗೆ ರೈಲು ಓಡುತ್ತದೆ. ಇದರ ಕಥೆ ಶುರುವಾದದ್ದು ಒಂದು ನಡಿಗೆಯಿಂದ. ಜ್ಯೂರಿಕ್ ಕಡೆಯ ಉದ್ಯಮಿ ಆಡೋಲ್ಫ್ ಗುಯರ್ ಝೆಲ್ಲರ್ 1893ರ ಬೇಸಿಗೆಯಲ್ಲಿ ಮಗಳ ಜೊತೆ ಮ್ಯುರೆನ್ ಮೇಲಿನ ಬೆಟ್ಟದಲ್ಲಿ ನಡೆಯುತ್ತಿದ್ದರು. ಎದುರು ಕಡೆ, ಅದೇ ವರ್ಷ ಶುರುವಾಗಿದ್ದ ಕ್ಲೈನೆ ಶೈಡೆಕ್ ರೈಲು ಕಾಣಿಸಿತು. ಅಲ್ಲಿಯವರೆಗೆ ಬಂದ ರೈಲು ಅಲ್ಲಿಗೇ ಏಕೆ ನಿಲ್ಲಬೇಕು, ಐಗರ್ ಕೊರೆದು ಮೇಲಕ್ಕೆ ಏಕೆ ಹೋಗಬಾರದು ಎಂದುಕೊಂಡರು. ಆ ರಾತ್ರಿಯೇ ನಕ್ಷೆ ಗೀಚಿದರು. 1896ರಲ್ಲಿ ಕೆಲಸ ಶುರು. ಕಲ್ಲು ಒಡೆದವರಲ್ಲಿ ಹೆಚ್ಚಿನವರು ಇಟಲಿಯಿಂದ ಬಂದ ಕೂಲಿಗಳು. ಗುಯರ್ ಝೆಲ್ಲರ್ 1899ರಲ್ಲೇ ತೀರಿಕೊಂಡರು. ಕೆಲಸ ಮುಗಿದದ್ದು 1912ರಲ್ಲಿ. ಒಂಬತ್ತು ಕಿಲೋಮೀಟರ್ ದಾರಿ, ಅದರಲ್ಲಿ ಏಳು ಕಿಲೋಮೀಟರ್ ಸುರಂಗ. ಕೊನೆಯ ನಿಲ್ದಾಣ ಯುಂಗ್‌ಫ್ರೌಯೋಖ್, ಸುಮಾರು ಮೂರೂವರೆ ಸಾವಿರ ಮೀಟರ್ ಎತ್ತರದಲ್ಲಿ. ಯೂರೋಪಿನಲ್ಲಿ ಇಷ್ಟು ಎತ್ತರದ ರೈಲು ನಿಲ್ದಾಣ ಇನ್ನೊಂದಿಲ್ಲ.

ಮೇಲೆ ಏನಿದೆ? ಅಲೆಟ್ಷ್ ಹಿಮನದಿ ಇದೆ. ಆಲ್ಪ್ಸ್‌ನಲ್ಲೇ ದೊಡ್ಡದು, ಇಪ್ಪತ್ತು ಕಿಲೋಮೀಟರ್ ಉದ್ದ. ನದಿ ಎನ್ನುತ್ತೇವೆ, ಆದರೆ ಹರಿಯುವ ಸದ್ದಿಲ್ಲ. ಬಿಳಿಯ ಮೇಲೆ ಉದ್ದಕ್ಕೆ ಎಳೆದ ಕಪ್ಪು ಗೆರೆಗಳು, ಬೆಟ್ಟದ ಕಲ್ಲುಪುಡಿ. ಅದು ಕರಗುತ್ತಿದೆ. 2022 ಮತ್ತು 2023, ಈ ಎರಡೇ ವರ್ಷದಲ್ಲಿ ಸ್ವಿಟ್ಜರ್ಲೆಂಡಿನ ಹಿಮನದಿಗಳು ತಮ್ಮ ಹಿಮದಲ್ಲಿ ಹತ್ತರಲ್ಲಿ ಒಂದು ಭಾಗ ಕಳೆದುಕೊಂಡವು. ಇದರ ಜೊತೆಗೆ ಮೇಲೆ ಗಡಿಯಾರದ ಅಂಗಡಿ, ಚಾಕೊಲೇಟಿನ ಅಂಗಡಿ, ಭಾರತೀಯರಿಗೆಂದೇ ಬಾಲಿವುಡ್ ಹೆಸರಿನ ಊಟದ ಮನೆ. ಜನವೋ ಜನ. ಟಿಕೆಟ್ಟು ಒಬ್ಬರಿಗೆ ಇನ್ನೂರು ಫ್ರಾಂಕ್ ಮೀರುತ್ತದೆ. ಒಂದು ಫ್ರಾಂಕ್ ಎಂದರೆ ನೂರು ರೂಪಾಯಿಗೂ ಮೇಲೆ. ನನ್ನನ್ನು ಕೇಳಿದರೆ, ಕೈ ಬಿಗಿಯಿದ್ದವರು ಇದೊಂದನ್ನು ಬಿಟ್ಟರೆ ನಷ್ಟವಿಲ್ಲ. ಯಜಮಾನರು ಒಪ್ಪುವುದಿಲ್ಲ. ಅವರಿಗೆ ಸುರಂಗವೇ ತೀರ್ಥಯಾತ್ರೆ.

ಒಂದು ಮಾತ್ರ ನಿಜ. ಅಷ್ಟು ಎತ್ತರದಲ್ಲಿ ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟದ ಮೂರರಲ್ಲಿ ಎರಡು ಭಾಗ. ಚುರುಕು ಕಾಲಿನ ನನಗೆ ಮೆಟ್ಟಿಲಲ್ಲಿ ತಲೆ ಸುತ್ತಿತು. ಅವರು ತಮ್ಮ ಎಂದಿನ ನಿಧಾನದಲ್ಲಿ ಆರಾಮವಾಗಿ ಬಂದರು.

ಇಳಿಯುವಾಗ ಐಗರ್‌ಗ್ಲೆಚರ್ ಎಂಬ ನಿಲ್ದಾಣದಲ್ಲಿ ನಾನು ಇಳಿದುಕೊಂಡೆ. ಅಲ್ಲಿಂದ ಐಗರ್ ಗೋಡೆಯ ಬುಡದಲ್ಲೇ ಒಂದು ಕಾಲುದಾರಿ ಇದೆ, 1997ರಲ್ಲಿ ತೆರೆದದ್ದು. ಆರು ಕಿಲೋಮೀಟರ್, ಏಳುನೂರು ಮೀಟರ್ ಇಳಿತ, ಫಲಕದ ಪ್ರಕಾರ ಎರಡು ಗಂಟೆಯ ಮೇಲೆ. ಬಿಳಿ, ಕೆಂಪು, ಬಿಳಿ ಗುರುತಿನ ದಾರಿ. ಯಜಮಾನರು ರೈಲಿನಲ್ಲಿ ಆಲ್ಪಿಗ್ಲೆನ್ ಎಂಬ ನಿಲ್ದಾಣಕ್ಕೆ. ನನ್ನ ದಾರಿಯೂ ಮುಗಿಯುವುದು ಅಲ್ಲೇ.

ಆ ಗೋಡೆಯ ಎತ್ತರ ಸಾವಿರದ ಎಂಟುನೂರು ಮೀಟರ್. ಬುಡದಲ್ಲಿ ನಿಂತರೆ ನೆತ್ತಿ ಕಾಣುವುದಿಲ್ಲ. ಕಾಣುವುದು ಕಪ್ಪು ಬಂಡೆ, ಒಸರುವ ನೀರು, ಆಗಾಗ ಮೇಲೆಲ್ಲೋ ಕಲ್ಲು ಉರುಳುವ ಸದ್ದು. 1938ರಲ್ಲಿ ಜರ್ಮನಿ, ಆಸ್ಟ್ರಿಯಾಗಳ ನಾಲ್ವರು ಮೊದಲ ಬಾರಿ ಅದನ್ನು ಹತ್ತಿದರು. ಅದಕ್ಕೂ ಎರಡು ವರ್ಷ ಮೊದಲು ಅದೇ ಗೋಡೆಯಲ್ಲಿ ಬೇರೆ ನಾಲ್ವರು ಸತ್ತರು. ಕೊನೆಯವನು ಟೋನಿ ಕುರ್ಟ್ಸ್. ಗೋಡೆಯ ಒಳಗೆ ರೈಲು ಸುರಂಗ ಇದೆಯಲ್ಲ, ಅದಕ್ಕೆ ಹೊರಗೆ ತೆರೆಯುವ ಕಿಂಡಿಗಳಿವೆ. ಆ ಕಿಂಡಿಯಿಂದಲೇ ರಕ್ಷಣೆಗೆ ಜನ ಹೊರಬಂದರು. ರಾತ್ರಿಯೆಲ್ಲ ಹಗ್ಗದಲ್ಲಿ ನೇತಾಡಿದ್ದ ಕುರ್ಟ್ಸ್ ಮರುದಿನ ಅವರ ತಲೆಯ ಮೇಲೆ ಸ್ವಲ್ಪವೇ ದೂರದವರೆಗೆ ಇಳಿದುಬಂದ. ಎರಡು ಹಗ್ಗ ಸೇರಿಸಿ ಕಟ್ಟಿದ್ದ ಗಂಟು ಕೊಂಡಿಯೊಳಗೆ ತೂರಲಿಲ್ಲ. ಅಲ್ಲೇ ಪ್ರಾಣ ಬಿಟ್ಟ. ಕೆಲವೇ ಮೀಟರ್ ಒಳಗೆ ಪ್ರವಾಸಿಗಳ ರೈಲು.

ನಾನು ಗೋಡೆಯ ಹೊರಗೆ ನಡೆಯುತ್ತಿದ್ದಾಗ ಒಳಗೆ ಮುಂದಿನ ರೈಲು ಮೇಲೇರುತ್ತಿತ್ತು. ಅದನ್ನು ಯೋಚಿಸಿದರೆ ಮೈ ಜುಂ ಎನ್ನುತ್ತದೆ. ಆಲ್ಪಿಗ್ಲೆನ್‌ನಲ್ಲಿ ಯಜಮಾನರು ಹೋಟೆಲಿನ ಬೆಂಚಿನ ಮೇಲೆ ಕೂತು ರೋಸ್ಟಿ ತಿನ್ನುತ್ತಿದ್ದರು. ತುರಿದ ಆಲೂಗಡ್ಡೆಯನ್ನು ಬೆಣ್ಣೆಯಲ್ಲಿ ಕೆಂಪಗೆ ಹುರಿದ ದಪ್ಪ ದೋಸೆ ಎನ್ನಿ. ಸಸ್ಯಾಹಾರಿಗಳಿಗೆ ಬೆಟ್ಟದಲ್ಲಿ ಅದೇ ಗತಿ, ಒಳ್ಳೆಯ ಗತಿಯೇ. ಹಂದಿಮಾಂಸದ ಚೂರು ಹಾಕಬೇಡಿ ಎಂದು ಮೊದಲೇ ಹೇಳಬೇಕು. “ಎಷ್ಟು ಹೊತ್ತಾಯ್ತು ರೀ ಬಂದು?” ಎಂದೆ. “ನೀನು ಹೇಳಿದ ಹೊತ್ತಿಗೆ ಬಂದಿದ್ದೀಯ, ಕೂತ್ಕೋ” ಎಂದರು.

ಇಲ್ಲಿಯವರೆಗೆ ಹಲ್ಲುಗಂಬಿಯ ಬೆಟ್ಟ, ಅದರ ಸುತ್ತಲಿನ ನಡಿಗೆ. ಹೊರಡುವವರಿಗೆ ಎರಡು ಉಪಯೋಗದ ಮಾತು ಹೇಳಿ ಕೊನೆಯ ದಾರಿಗೆ ಹೋಗುತ್ತೇನೆ. ಎತ್ತರದ ದಾರಿಗಳಲ್ಲಿ ಜೂನ್ ಕೊನೆಯವರೆಗೂ ಹಿಮ ಉಳಿದಿರಬಹುದು. ಜುಲೈಯಿಂದ ಸೆಪ್ಟೆಂಬರ್ ಒಳ್ಳೆಯದು. ನವೆಂಬರಿನಲ್ಲಿ ಬಹಳ ಕೇಬಲ್ ಕಾರುಗಳನ್ನು ರಿಪೇರಿಗೆಂದು ನಿಲ್ಲಿಸುತ್ತಾರೆ. ಇನ್ನೊಂದು, ಕೆಳಗಿನ ನಿಲ್ದಾಣಗಳ ಟಿ.ವಿ.ಯಲ್ಲಿ ಶಿಖರದ ಆ ಕ್ಷಣದ ಚಿತ್ರ ಬರುತ್ತಿರುತ್ತದೆ. ಅದನ್ನು ನೋಡದೆ ದುಬಾರಿ ಟಿಕೆಟ್ಟು ಕೊಳ್ಳಬೇಡಿ. ಮೋಡ ಕವಿದಿದ್ದರೆ ಅಲ್ಲಿ ಮೇಲೆಯೂ ಬಿಳಿ, ಕೆಳಗೆಯೂ ಬಿಳಿ.

ಕೊನೆಯ ದಾರಿ ದೇಶದ ಪೂರ್ವದಲ್ಲಿ, ಬೆರ್ನಿನಾ. ಕೂರ್ ಎಂಬ ಊರಿನಿಂದ ಕೆಂಪು ರೈಲು ಹೊರಡುತ್ತದೆ. ಲಾಂಡ್‌ವಾಸರ್ ಎಂಬಲ್ಲಿ ಅರವತ್ತೈದು ಮೀಟರ್ ಎತ್ತರದ ಕಲ್ಲಿನ ಸೇತುವೆ. ಆರು ಕಮಾನು, ಬಿಲ್ಲಿನ ಹಾಗೆ ಬಾಗಿದೆ. ಸೇತುವೆ ಮುಗಿಯುವುದೇ ಕಡಿದಾದ ಬಂಡೆಯ ಮೈಗೆ. ರೈಲು ಸೀದಾ ಬಂಡೆಯೊಳಗಿನ ಸುರಂಗಕ್ಕೆ ನುಗ್ಗುತ್ತದೆ.

ಮುಂದೆ ಬೆರ್ನಿನಾ ದಾರಿ, 1910ರಲ್ಲಿ ಪೂರ್ತಿಯಾದದ್ದು. ಅದರಲ್ಲಿ ಹಲ್ಲುಗಂಬಿ ಇಲ್ಲ! ನೂರಕ್ಕೆ ಏಳು ಮೀಟರ್ ಏರು ಕೊನೆ ಎಂದೆನಲ್ಲ, ಆ ಕೊನೆಯಲ್ಲೇ ಉದ್ದಕ್ಕೂ ಸುತ್ತಿ ಬಳಸಿ ಎರಡು ಸಾವಿರದ ಇನ್ನೂರೈವತ್ತು ಮೀಟರ್ ಮುಟ್ಟುತ್ತದೆ. ನೆತ್ತಿಯಲ್ಲಿ ಎರಡು ಕೆರೆಗಳು ಅಕ್ಕಪಕ್ಕದಲ್ಲೇ. ಒಂದು ಕಪ್ಪು ಕೆರೆ, ಅದರ ನೀರು ಇನ್, ಡ್ಯಾನ್ಯೂಬ್ ನದಿಗಳ ಮೂಲಕ ಕಪ್ಪು ಸಮುದ್ರಕ್ಕೆ. ಇನ್ನೊಂದು ಬಿಳಿ ಕೆರೆ, ಹಿಮನದಿಯ ಕಲ್ಲುಹಿಟ್ಟು ಬೆರೆತು ಹಾಲಿನ ಬಣ್ಣ. ಅದರ ನೀರು ಪೋ ನದಿ ಸೇರಿ ಏಡ್ರಿಯಾಟಿಕ್ ಸಮುದ್ರಕ್ಕೆ.

ಬಿಳಿ ಕೆರೆಯ ದಡದಿಂದ ಆಲ್ಪ್ ಗ್ರ್ಯುಮ್ ನಿಲ್ದಾಣಕ್ಕೆ ಕಾಲುದಾರಿ. ಫಲಕದ ಲೆಕ್ಕ ಎರಡು ಗಂಟೆಯ ಆಸುಪಾಸು. ಯಜಮಾನರು, “ಇದನ್ನು ನಾನು ಪೂರ್ತಿ ನಡೀತೀನಿ” ಎಂದರು. ಅವರ ಲೆಕ್ಕದಲ್ಲಿ ಮೂರು ಗಂಟೆ. ಗಂಟೆಗೊಂದು ರೈಲು ಇದ್ದೇ ಇತ್ತು. ಕೆರೆಯ ಉದ್ದಕ್ಕೂ ಸಲೀಸು. ಕೊನೆಯ ಇಳಿಜಾರಿನಲ್ಲಿ ಊರುಗೋಲು ಊರಿ, ಅಡ್ಡಡ್ಡ ಹೆಜ್ಜೆಯಿಟ್ಟು ಬಂದರು. ಎರಡು ರೈಲು ನಮ್ಮನ್ನು ದಾಟಿ ಹೋದವು.

ಆಲ್ಪ್ ಗ್ರ್ಯುಮ್‌ನಿಂದ ರೈಲು ಇಳಿಯತೊಡಗುತ್ತದೆ. ಬ್ರೂಸಿಯೊ ಎಂಬಲ್ಲಿ ಬಯಲಲ್ಲೇ ಒಂದು ಕಲ್ಲಿನ ಸೇತುವೆಯ ಮೇಲೆ ಗುಂಡಗೆ ಸುತ್ತಿ, ಅದೇ ಸೇತುವೆಯ ಕಮಾನಿನ ಕೆಳಗೆ ತೂರಿ ಹೊರಬರುತ್ತದೆ. ನಮ್ಮವರು ಮೊದಲು ಎಡಕಿಟಕಿ, ಆಮೇಲೆ ಬಲಕಿಟಕಿ ಎಂದು ಓಡಾಡಿದರು, ಮಂಡಿಯ ಪರಿವೆಯಿಲ್ಲದೆ. ಹಿಮದ ಪಕ್ಕದಲ್ಲಿ ಹೊರಟವರು ದ್ರಾಕ್ಷಿ ತೋಟಗಳ ಸೆಕೆಗೆ ಬಂದು ಇಳಿದೆವು. ಊರು ತಿರಾನೊ, ದೇಶ ಇಟಲಿ. ಜನ “ಬೊನ್ ಜೋರ್ನೊ” ಎನ್ನುತ್ತಿದ್ದರು. ನಿಲ್ದಾಣದ ಎದುರಿನ ಅಂಗಡಿಯಲ್ಲಿ ಕಾಫಿಯ ಬೆಲೆ ಕೇಳಿದೆವು. ಬೆಟ್ಟದ ಆ ಕಡೆಯ ಬೆಲೆಯಲ್ಲಿ ಅರ್ಧವೂ ಇರಲಿಲ್ಲ. ಯಜಮಾನರು ಮನಸ್ಸಿನಲ್ಲೇ ಗುಣಿಸಿ ನೋಡಿ, ಇಬ್ಬರಿಗೂ ಎರಡೆರಡು ಹೇಳಿದರು.